ಸಮುದ್ರತೀರವೂ ಅದರ ಪರಾಂಬರಿಕೆಯೂ

ಭೂಗೋಳದ ಪಾಠದಲ್ಲಿ ಪಟವನ್ನು ಬರೆಯುವ ಮಕ್ಕಳು ಮೊದಲು ಕರಾವಳಿಯ ಗೆರೆಯನ್ನು ಎಳೆಯುತ್ತಾರೆ. ಗೆರೆಯ ಒಂದು ಬದಿಗೆ ನೀಲಿ ಬಣ್ಣ, ಇನ್ನೊಂದು ಬದಿಗೆ ಹಸುರು. ಕಡಲು ಇಲ್ಲಿಯವರೆಗೆ, ನೆಲ ಇಲ್ಲಿಂದ ಮುಂದಕ್ಕೆ ಎಂಬ ಭಾವನೆಯು ಇದರಿಂದ ಎಳೆಯ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ದೊಡ್ಡವರಾದ ಮೇಲೆಯೂ ಅದು ಸುಲಭವಾಗಿ ಅಳಿಯುವುದಿಲ್ಲ. ಮನೆ ಕಟ್ಟುವವರೂ ರಸ್ತೆ ಹಾಕುವವರೂ ತಡೆಗೋಡೆಯನ್ನು ಬೇಡುವವರೂ ಈ ಗೆರೆಯನ್ನೇ ನಂಬಿ ನಡೆಯುತ್ತಾರೆ. ಆದರೆ ಕಡಲು ಇಂಥ ಗೆರೆಯನ್ನು ಅರಿಯದು. ತೀರವೆಂಬುದು ಕಡಲಿಗೂ ನೆಲಕ್ಕೂ ಸೇರಿದ ಒಂದು ಅಂಗಳ. ವರ್ಷದ ಕೆಲವು ತಿಂಗಳು ಅದನ್ನು ಕಡಲು ಬಳಸುತ್ತದೆ. ಕೆಲವು ತಿಂಗಳು ನೆಲಕ್ಕೆ ಬಿಟ್ಟುಕೊಡುತ್ತದೆ. ಈ ಸಂಗತಿಯನ್ನು ಚೆನ್ನಾಗಿ ತಿಳಿದುಕೊಂಡವರಿಗೆ ತೀರವನ್ನು ಕಾಪಾಡುವ ಉಪಾಯಗಳು ಬಹುಮಟ್ಟಿಗೆ ತಾವಾಗಿಯೇ ಹೊಳೆಯುವುವು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಕಡಲ ಗಾಳಿ ಬೀಸುವ ಊರುಗಳಲ್ಲಿ ಮನೆವಾರ್ತೆ ನಡಿಸುವವರು. ಇನ್ನು ಹಲವರು ಘಟ್ಟದ ಮೇಲಿದ್ದರೂ ಕಡಲ ಮೀನನ್ನೂ ಉಪ್ಪನ್ನೂ ಉಣ್ಣುವವರು. ಆದುದರಿಂದ ಈ ಪಾಠವು ಶಾಲೆಯ ಮಕ್ಕಳಿಗೆ ಮಾತ್ರ ಸೇರಿದ್ದೆಂದು ಯಾರೂ ಎಣಿಸಬಾರದು.

೧. ಮರಳಿನ ಆಯವ್ಯಯ

ದಕ್ಷಿಣದಲ್ಲಿ ತಲಪಾಡಿಯಿಂದ ಉತ್ತರದಲ್ಲಿ ಕಾರವಾರದಾಚೆಯ ಮಾಜಾಳಿಯವರೆಗೆ ಕರ್ನಾಟಕದ ಕಡಲ ತೀರವು ೩೦೦ ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳು ಅದನ್ನು ಹಂಚಿಕೊಂಡಿವೆ. ಇಲ್ಲಿ ವಾಸಿಸುವವರು ಪ್ರತಿ ವರ್ಷವೂ ಒಂದು ಸಂಗತಿಯನ್ನು ಕಾಣುತ್ತಾರೆ. ಮಾರ್ಚಿ ತಿಂಗಳಲ್ಲಿ ಅಗಲವಾಗಿ ಹರಡಿಕೊಂಡಿದ್ದ ಮರಳು ಆಟಿ ತಿಂಗಳ ಹೊತ್ತಿಗೆ ಕಿರಿದಾಗುತ್ತದೆ. ಕೆಲವು ಕಡೆ ತೆಂಗಿನ ಬುಡದವರೆಗೂ ನೀರು ಬರುತ್ತದೆ. ನವೆಂಬರದಲ್ಲಿ ಹೋಗಿ ನೋಡಿದರೆ ಮರಳು ತಿರುಗಿ ಕೂಡುತ್ತಿರುತ್ತದೆ. ಇದು ಹೇಗೆ?

ಮುಂಗಾರಿನ ತೆರೆಗಳು ಎತ್ತರವಾಗಿಯೂ ಒಂದರ ಬೆನ್ನಿಗೊಂದು ಹತ್ತಿಕೊಂಡೂ ಬರುತ್ತವೆ. ಅವು ದಡದ ಮರಳನ್ನು ಎಳೆದುಕೊಂಡು ಹೋಗಿ, ತುಸು ದೂರದಲ್ಲಿ, ನೀರಿನಡಿಯಲ್ಲಿ, ದಿಣ್ಣೆಯಾಗಿ ಒಟ್ಟುತ್ತವೆ. ಆ ದಿಣ್ಣೆಯು ಬೆಳೆದಂತೆ ಹಿಂದಿನಿಂದ ಬರುವ ದೊಡ್ಡ ತೆರೆಗಳು ಅಲ್ಲಿಯೇ ಮುರಿದುಬಿದ್ದು, ಬಲಗುಂದಿ ದಡವನ್ನು ಮುಟ್ಟುತ್ತವೆ. ಹೀಗೆ ಕಡಲು ಕೊಂಡುಹೋದ ಮರಳೇ ಕಡಲಿಗೆ ತಡೆಯಾಗುತ್ತದೆ. ಮಳೆಗಾಲ ಕಳೆದ ಮೇಲೆ ಬರುವ ತಗ್ಗಾದ, ನಿಧಾನವಾದ ತೆರೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಂದುಹಾಕುತ್ತವೆ. ಆದಕಾರಣ ಆಟಿಯಲ್ಲಿ ಕಾಣೆಯಾದ ಮರಳೆಲ್ಲ ನಷ್ಟವಾಯಿತೆಂದು ತಿಳಿಯಬಾರದು; ಅದರ ಬಹುಭಾಗವು ನಮ್ಮ ಕಣ್ಣಿಗೆ ಕಾಣದ ಕಡೆ ಕೆಲಸದಲ್ಲಿರುತ್ತದೆ.

ದಡದ ಹಿಂದಿರುವ ಮರಳಿನ ದಿಬ್ಬಗಳು ಈ ಸಂಸಾರದ ಕಣಜ. ಬಿರುಗಾಳಿಯ ವರ್ಷದಲ್ಲಿ ಕಡಲು ಹೆಚ್ಚು ಮರಳನ್ನು ಕೇಳಿದರೆ ದಿಬ್ಬವು ಕೊಡುತ್ತದೆ. ಒಳ್ಳೆಯ ವರ್ಷಗಳಲ್ಲಿ ಗಾಳಿಯು ಅದನ್ನು ತಿರುಗಿ ತುಂಬುತ್ತದೆ. ಮರಳ ಮೇಲೆ ಹಬ್ಬಿ ನೇರಿಳೆ ಬಣ್ಣದ ಹೂ ಬಿಡುವ ಅಡುಂಬು ಬಳ್ಳಿಯೂ, ಬಿಳಲುಗಳನ್ನು ಊರಿ ನಿಲ್ಲುವ ಕೇದಗೆಯೂ ಹಾರುವ ಮರಳನ್ನು ಹಿಡಿದಿಡುವ ಆಳುಗಳು. ಈ ಬಳ್ಳಿಯನ್ನು ಕಸವೆಂದು ಕಿತ್ತು, ದಿಬ್ಬವನ್ನು ಸಮಮಾಡಿ, ಅದರ ಮೇಲೆ ಮನೆಯನ್ನೋ ವಿಹಾರಗೃಹವನ್ನೋ ಕಟ್ಟುವವನು ಕಣಜವನ್ನು ಬರಿದುಮಾಡಿ ಮಳೆಗಾಲವನ್ನು ಎದುರುನೋಡುವ ಒಕ್ಕಲಿಗನಿಗೆ ಸಮಾನನು.

ಇದೇ ದಿಬ್ಬದ ಬುಡದಲ್ಲಿ ಇನ್ನೊಂದು ಪ್ರಾಣಿಗೂ ಹಕ್ಕುಂಟು. ಕುಂದಾಪುರದ ಕೋಡಿ, ಮರವಂತೆ, ಹೊನ್ನಾವರದ ಕಾಸರಕೋಡು ಮುಂತಾದ ಕಡೆಗಳಲ್ಲಿ ಕಡಲಾಮೆಯು ಚಳಿಗಾಲದ ರಾತ್ರಿಗಳಲ್ಲಿ ದಡಕ್ಕೆ ಬಂದು, ಮರಳಿನಲ್ಲಿ ಕುಳಿ ತೋಡಿ, ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಒಂದೂವರೆ ಎರಡು ತಿಂಗಳಲ್ಲಿ ಹೊರಡುವ ಮರಿಗಳು ಇರುಳಿನಲ್ಲಿ ಬೆಳಕು ಹೆಚ್ಚಾಗಿ ಕಾಣುವ ದಿಕ್ಕನ್ನು ಹಿಡಿದು ಓಡುತ್ತವೆ. ಸಹಜವಾಗಿ ಆ ಬೆಳಕು ಕಡಲಿನ ಮೇಲಿನದು. ದಡದಲ್ಲಿ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ಮರಿಗಳು ದಾರಿತಪ್ಪಿ ರಸ್ತೆಯ ಕಡೆಗೆ ತೆವಳಿ ಸಾಯುತ್ತವೆ. ಒಂದು ದೀಪವನ್ನು ಆರಿಸುವುದರಿಂದ ಎಷ್ಟು ಪ್ರಾಣಗಳು ಉಳಿಯಬಲ್ಲವೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ವ್ಯಯವಿದ್ದಲ್ಲಿ ಆಯವೂ ಬೇಕು. ಮರಳಿನ ಆಯವು ಮುಖ್ಯವಾಗಿ ಘಟ್ಟದಿಂದಿಳಿಯುವ ನದಿಗಳಿಂದ ಬರುತ್ತದೆ. ನದಿಗೆ ಅಣೆಕಟ್ಟು ಕಟ್ಟಿದರೆ ಮರಳಿನ ಒಂದು ಪಾಲು ಅಲ್ಲಿಯೇ ತಂಗುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ದೊಡ್ಡ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಅದರ ವಿದ್ಯುತ್ತಿನಿಂದ ನಾಡಿಗೆ ಆದ ಉಪಕಾರವು ದೊಡ್ಡದು, ಆದರೂ ಕಡಲ ತೀರದ ಲೆಕ್ಕದಲ್ಲಿ ಅದು ಖರ್ಚಿನ ಕಡೆಗೇ ಸೇರುತ್ತದೆ. ಕಟ್ಟಡಗಳಿಗಾಗಿ ಹೊಳೆಯ ಪಾತ್ರದಿಂದ ಮಿತಿಮೀರಿ ಮರಳೆತ್ತಿದರೂ ಫಲವು ಹೀಗೆಯೇ. ಆಯವು ಕುಂದಿ ವ್ಯಯವು ಕುಂದದಿದ್ದರೆ ಏನಾಗುವುದೆಂಬುದನ್ನು ಮನೆಯ ಲೆಕ್ಕ ಬರೆಯುವ ಸೋದರಿಯರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

೨. ಕಲ್ಲಿನ ಗೋಡೆ

ತೆರೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ. ಅವು ಓರೆಯಾಗಿ ಬಂದು, ಇಳಿಜಾರನ್ನು ಹಿಡಿದು ನೆಟ್ಟಗೆ ಹಿಂದಕ್ಕೆ ಸರಿಯುತ್ತವೆ. ಆದುದರಿಂದ ಒಂದೊಂದು ತೆರೆಗೂ ಮರಳಿನ ಕಣವು ದಡದ ಉದ್ದಕ್ಕೆ ಒಂದೊಂದು ಹೆಜ್ಜೆ ಮುಂದುವರಿಯುತ್ತದೆ. ಇಂದು ಒಂದೂರಿನ ಮುಂದಿದ್ದ ಮರಳು ಕೆಲವು ದಿನಗಳ ಮೇಲೆ ಪಕ್ಕದೂರಿನ ಮುಂದಿರುತ್ತದೆ. ಇವರಿಗೆ ಬೇರೊಂದೂರಿನ ಮರಳು ಬಂದಿರುತ್ತದೆ. ಈ ದಾರಿಗೆ ಅಡ್ಡವಾಗಿ ಕಡಲೊಳಕ್ಕೆ ಕಲ್ಲಿನ ಕಟ್ಟೆಯನ್ನು ಚಾಚಿದರೆ ಅದರ ಒಂದು ಬದಿಯಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬದಿಯು ಹಸಿಯುತ್ತದೆ. ದಡದ ಉದ್ದಕ್ಕೂ ಗೋಡೆ ಕಟ್ಟಿದರೆ ಗೋಡೆಗೆ ಬಡಿದ ತೆರೆಯು ತನ್ನ ಬಲವನ್ನು ಕಳಕೊಳ್ಳದೆ ಹಿಂದಿರುಗಿ, ಗೋಡೆಯ ಬುಡದ ಮರಳನ್ನು ತೋಡುತ್ತದೆ. ಗೋಡೆಯು ಮುಗಿಯುವಲ್ಲಿ ಪಕ್ಕದವರ ನೆಲವನ್ನು ಕೊರೆಯುತ್ತದೆ. ಆಗ ಪಕ್ಕದವರೂ ಗೋಡೆಯನ್ನು ಬೇಡುತ್ತಾರೆ. ಹೀಗೆ ಗೋಡೆಯಿಂದ ಗೋಡೆ ಹುಟ್ಟುತ್ತದೆ.

ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಿಂದ ಕಡಲನ್ನು ಸೇರುತ್ತವೆ. ಅಳಿವೆಯ ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲ. ದೋಣಿಗಳ ದಾರಿಯು ಹೂಳದಂತೆ ಅಳಿವೆಯ ಎರಡು ಬದಿಗೂ ಕಲ್ಲಿನ ಕಟ್ಟೆಗಳು ಬಂದವು. ಉಳ್ಳಾಲದ ದಡವಾದರೋ ಹಲವು ಮಳೆಗಾಲಗಳಿಂದ ಕೊರೆತಕ್ಕೆ ತುತ್ತಾಗುತ್ತ ಬಂದಿದೆ. ಮನೆಗಳೂ ತೆಂಗಿನ ಮರಗಳೂ ಕಡಲ ಪಾಲಾಗಿವೆ. ಸುರಿದ ಬಂಡೆಗಳೂ ಮರಳಿನಲ್ಲಿ ಇಳಿದುಹೋಗಿವೆ. ಕಡೆಗೆ ಏಶಿಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ, ದಡದ ಕಲ್ಲನ್ನು ಮಾತ್ರ ನಂಬದೆ, ಕಡಲೊಳಗೆ ತಡೆದಿಣ್ಣೆಗಳನ್ನು ನಿರ್ಮಿಸಿ ತೆರೆಯ ಬಲವನ್ನು ದೂರದಲ್ಲಿಯೇ ಮುರಿಯುವ ಯತ್ನವು ನಡೆಯಿತು. ಮುಂಗಾರಿನ ಕಡಲು ತಾನೇ ಮಾಡುವ ಕೆಲಸಕ್ಕೆ ಇದು ಸಮೀಪವಾದ ಉಪಾಯ. ಆದರೂ ದಕ್ಷಿಣದ ಸೋಮೇಶ್ವರ, ಉಚ್ಚಿಲಗಳ ಕಡೆಯಿಂದ ಮಳೆಗಾಲದಲ್ಲಿ ಕೊರೆತದ ಸುದ್ದಿಯು ಬರುವುದು ನಿಂತಿಲ್ಲ. ಒಂದು ಕಡೆಯ ರೋಗವನ್ನು ಒಂದೇ ಕಡೆ ಚಿಕಿತ್ಸೆ ಮಾಡಿ ಗುಣಪಡಿಸಲಾಗದು.

ಇದು ನಮ್ಮ ಜಿಲ್ಲೆಗಳ ಕಷ್ಟ ಮಾತ್ರವಲ್ಲ. ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನ ಕೇಂದ್ರದವರು ೧೯೯೦ರಿಂದ ೨೦೧೮ರವರೆಗಿನ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಭಾರತದ ಮುಖ್ಯಭೂಮಿಯ ತೀರದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊರೆಯುತ್ತಿದೆಯೆಂದೂ ಕಾಲಕ್ಕಿಂತ ಸ್ವಲ್ಪ ಹೆಚ್ಚು ಪಾಲು ಬೆಳೆಯುತ್ತಿದೆಯೆಂದೂ ಉಳಿದದ್ದು ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ ಕಂಡಿತು. ಒಬ್ಬರು ಕಳಕೊಳ್ಳುವಲ್ಲಿ ಇನ್ನೊಬ್ಬರಿಗೆ ಬರುತ್ತಿದೆಯೆಂಬುದು ಈ ಲೆಕ್ಕದಿಂದಲೂ ತಿಳಿಯುತ್ತದೆ.

ಹಾಗಾದರೆ ಗೋಡೆಯೇ ಬೇಡವೆ? ಮರವಂತೆಯನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಹಿಂದೆ ಸರಿಯಲು ಎಡೆಯಿಲ್ಲದಲ್ಲಿ ಕಲ್ಲನ್ನು ಇಡಲೇಬೇಕು. ಅಂತೆಯೇ ಹೊಸ್ತಿಲಿಗೆ ತೆರೆ ಬಡಿಯುತ್ತಿರುವ ಮನೆಯ ತಾಯಿಗೆ ಮರಳಿನ ಲೆಕ್ಕವನ್ನು ಬೋಧಿಸುವುದು ಕರುಣೆಯಲ್ಲ. ಆಕೆಗೆ ಈ ಮಳೆಗಾಲದಲ್ಲಿಯೇ ಆಸರೆ ಬೇಕು. ಆದರೆ ಆಸರೆಯೆಂದರೆ ಕಲ್ಲಿನ ರಾಶಿಯೆಂದೇ ಅರ್ಥವಲ್ಲ. ಕಡಲಿನಿಂದ ತುಸು ಹಿಂದೆ, ದೋಣಿಗೂ ಬಲೆಗೂ ದೂರವಾಗದ ಕಡೆಯಲ್ಲಿ, ನೆರೆಹೊರೆಯವರೊಂದಿಗೆ ಒಟ್ಟಾಗಿ ನೆಲೆಸಲು ಜಾಗವನ್ನು ಕೊಡುವುದೂ ಆಸರೆಯೇ. ಅದರ ವೆಚ್ಚವನ್ನು ಆ ಒಂದು ಸಂಸಾರದ ಮೇಲೆ ಹೊರಿಸುವುದು ನ್ಯಾಯವಲ್ಲ. ಯಾಕಂದರೆ ಬಂದರಿನಿಂದಲೂ ಅಣೆಕಟ್ಟಿನಿಂದಲೂ ಲಾಭಪಡೆದವರು ನಾವೆಲ್ಲರೂ ಆಗಿದ್ದೇವೆ.

೩. ಅಳಿವೆಯೂ ಕಾಂಡ್ಲ ಗಿಡವೂ

ಹೊಳೆಯು ಕಡಲನ್ನು ಸೇರುವಲ್ಲಿ ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡಾವರ್ತಿ ಉಬ್ಬರ ಇಳಿತಗಳಲ್ಲಿ ಬೆರೆಯುತ್ತವೆ. ಅಲ್ಲಿಯ ಕೆಸರಿನಲ್ಲಿ ಉಸಿರಾಡಲು ಬೇರಿಗೆ ಗಾಳಿ ಸಾಲದು. ಇತರ ಗಿಡಗಳು ಸಾಯುವ ಇಂಥ ಕಡೆಯಲ್ಲಿ ಕಾಂಡ್ಲ ಗಿಡಗಳು ಬೆಳೆಯುತ್ತವೆ. ಕೆಲವು ಜಾತಿಗಳು ಕಾಲುಗಳಂತೆ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತವೆ. ಕೆಲವು ಬೇರಿನ ತುದಿಗಳನ್ನು ಗೂಟಗಳ ಹಾಗೆ ಕೆಸರಿನ ಮೇಲಕ್ಕೆತ್ತಿ ಉಸಿರಾಡುತ್ತವೆ. ಇನ್ನೂ ಆಶ್ಚರ್ಯವೇನೆಂದರೆ, ಕಾಂಡ್ಲದ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ಉದ್ದವಾದ ಮೊಳಕೆಯಾಗಿ ತೂಗಾಡಿ, ಬೇರೂರಲು ಶಕ್ತಿ ಬಂದ ಮೇಲೆ ಕೆಳಗೆ ಬೀಳುತ್ತದೆ. ಈ ಗಿಡದ ಒಂದು ಕುಲಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ಕಾಂಡೇಲಿಯ ಎಂಬ ಹೆಸರು ಮಲಯಾಳದ ಕಂಡಲ್ ಎಂಬ ಮಾತಿನಿಂದ ಬಂದದ್ದು. ನಮ್ಮ ಕಡಲ ಕರೆಯ ಜನರ ಮಾತು ಹೀಗೆ ಲೋಕದ ಶಾಸ್ತ್ರಗ್ರಂಥಗಳಲ್ಲಿ ನಿಂತಿದೆ. ಆದರೆ ಗಿಡವು ನಮ್ಮ ಹೊಳೆಗಳ ದಡದಲ್ಲಿ ನಿಲ್ಲಬೇಡವೆ?

ಕಾಂಡ್ಲವು ತೆರೆಯ ವೇಗವನ್ನು ಕುಗ್ಗಿಸಿ ಹೊಳೆಯ ದಂಡೆಯನ್ನು ಹಿಡಿದಿಡುತ್ತದೆ. ಅದರ ಬೇರುಗಳ ಸಂದಿಯಲ್ಲಿ ಸಿಗಡಿ, ಏಡಿ, ಮೀನುಗಳ ಮರಿಗಳು ದೊಡ್ಡ ಮೀನಿನ ಬಾಯಿಗೆ ಸಿಕ್ಕದೆ ಬೆಳೆಯುತ್ತವೆ. ಉದುರಿದ ಎಲೆಗಳು ಕೊಳೆತು ಇವುಗಳಿಗೆ ಆಹಾರವಾಗುತ್ತವೆ. ಕಾಂಡ್ಲವನ್ನು ಕಡಿದು ಮಣ್ಣು ತುಂಬಿ ನಿವೇಶನ ಮಾಡಿದವನು ಹತ್ತು ಸೆಂಟ್ಸು ಜಾಗವನ್ನು ಸಂಪಾದಿಸಿದನೆಂದು ಎಣಿಸುತ್ತಾನೆ; ಅಳಿವೆಯಾಚೆ ಬಲೆ ಬೀಸುವವನ ಬಲೆಯು ಹಗುರವಾದದ್ದು ಯಾವ ದಸ್ತಾವೇಜಿನಲ್ಲಿಯೂ ದಾಖಲಾಗುವುದಿಲ್ಲ. ಭಾರತದ ಅರಣ್ಯ ಸರ್ವೇಕ್ಷಣೆಯ ವರದಿಗಳಲ್ಲಿ ಕರ್ನಾಟಕದ ಕಾಂಡ್ಲವನದ ವಿಸ್ತಾರವು ೨೦೧೯ರಲ್ಲಿ ೧೦ ಚದರ ಕಿಲೋಮೀಟರು, ೨೦೨೧ರಲ್ಲಿ ೧೩ ಚದರ ಕಿಲೋಮೀಟರು. ನೆಟ್ಟರೆ ಬೆಳೆಯುತ್ತದೆಂಬ ಭರವಸೆಯನ್ನು ಈ ಅಂಕಿಗಳು ಕೊಡುತ್ತವೆ. ಇದ್ದದ್ದು ಎಷ್ಟು ಅಲ್ಪವೆಂಬುದನ್ನೂ ತೋರಿಸುತ್ತವೆ.

ಕುಮಟೆಯ ಬಳಿ ಕಡಲನ್ನು ಸೇರುವ ಅಘನಾಶಿನಿಯು ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ದೊಡ್ಡ ಅಣೆಕಟ್ಟಿನ ತಡೆಯೂ ಇಲ್ಲದೆ ತದಡಿಯ ಅಳಿವೆಗೆ ಬರುತ್ತದೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗಂಡಸರೂ ಹೆಂಗಸರೂ ನೀರಿಗಿಳಿದು ಬೆಳಚು ತೆಗೆಯುತ್ತಾರೆ. ದಕ್ಷಿಣದವರು ಇದನ್ನೇ ಮರುವಾಯಿ ಎನ್ನುತ್ತಾರೆ. ಬಂಡವಾಳವಿಲ್ಲದ ಹೆಂಗಸು ಒಂದು ಬುಟ್ಟಿಯನ್ನು ಹಿಡಿದುಕೊಂಡು ಹೋಗಿ ಮನೆಗೆ ಅಂದಿನ ಊಟವನ್ನು ತರಬಲ್ಲ ಕಡೆಗಳು ಲೋಕದಲ್ಲಿ ಬಹಳವಿಲ್ಲ. ಇದೇ ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಎಂಬ ಭತ್ತವು ಮಳೆಗಾಲದಲ್ಲಿ ಬೆಳೆಯುತ್ತದೆ. ಕೊಯಿಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರನ್ನು ಬಿಟ್ಟು ಸಿಗಡಿ ಮೀನುಗಳನ್ನು ಹಿಡಿಯುತ್ತಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪನ್ನು ಬೆಳೆಯುತ್ತಾರೆ. ಅನ್ನ, ಮೀನು, ಉಪ್ಪು ಈ ಮೂರೂ ಒಂದೇ ಅಳಿವೆಯಿಂದ! ಇಲ್ಲಿಯೂ ಬಂದರು, ವಿದ್ಯುತ್ ಸ್ಥಾವರ ಮುಂತಾದ ಯೋಜನೆಗಳ ಮಾತು ಎದ್ದದ್ದುಂಟು. ೨೦೨೪ರ ಜನವರಿಯ ಕೊನೆಯಲ್ಲಿ ಈ ಅಳಿವೆಯ ೪,೮೦೧ ಹೆಕ್ಟೇರುಗಳು ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಯಲ್ಲಿ ಸೇರಿದವೆಂದು ಪ್ರಕಟವಾಯಿತು. ಪಟ್ಟಿಯಲ್ಲಿ ಹೆಸರು ಬಂದದ್ದು ಸಂತೋಷದ ವಿಷಯ. ಆದರೆ ಹೆಸರು ಬಂದಮಾತ್ರಕ್ಕೆ ಬೆಳಚು ಬೆಳೆಯುವುದಿಲ್ಲ. ಎಳೆಯವನ್ನು ಬಿಟ್ಟು ಬಲಿತವನ್ನು ಮಾತ್ರ ತೆಗೆಯುವ ಕೈಯೂ, ಹೊಳೆಗೆ ಕೊಳಕನ್ನು ಬಿಡದ ಊರೂ ಇದ್ದರೆ ಮಾತ್ರ ಬೆಳೆಯುತ್ತದೆ.

೪. ಮೀನಿಗೆ ಬಿಡುವು

ಮುಂಗಾರಿನಲ್ಲಿ ನಮ್ಮ ಪಶ್ಚಿಮ ತೀರದ ಕಡಲಿನ ಆಳದಿಂದ ತಣ್ಣಗಿನ ನೀರು ಮೇಲಕ್ಕೇರುತ್ತದೆ. ತಳದಲ್ಲಿದ್ದ ಸತ್ತ್ವಗಳು ಅದರೊಂದಿಗೆ ಬಂದು ಬೆಳಕನ್ನು ಕಂಡು, ಬರಿಗಣ್ಣಿಗೆ ಕಾಣದ ಸಸ್ಯಗಳು ಕೋಟ್ಯಂತರವಾಗಿ ಹುಟ್ಟುತ್ತವೆ. ಈ ಔತಣದ ಕಾಲದಲ್ಲಿಯೇ ಬೂತಾಯಿ ಮುಂತಾದ ಮೀನುಗಳು ಮೊಟ್ಟೆಯಿಡುತ್ತವೆ. ಹಿಂದಿನ ಕಾಲದಲ್ಲಿ ಕಡಲಿನ ಅಬ್ಬರವೇ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತಿತ್ತು. ಕಡಲು ಶಾಂತವಾದ ಮೇಲೆ ಬಲೆಯು ನೀರಿಗಿಳಿಯುತ್ತಿತ್ತು. ಯಂತ್ರದ ದೋಣಿಗಳು ಬಂದ ಮೇಲೆ ಅಬ್ಬರದ ತಡೆಯು ಸಾಲದಾಯಿತು. ಕಡಲು ವಿಧಿಸುತ್ತಿದ್ದ ವ್ರತವನ್ನು ಕಾನೂನು ವಿಧಿಸಬೇಕಾಯಿತು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ೧೯೮೬ರಲ್ಲಿ ಕಾಯಿದೆಯಾಯಿತು. ಈಗ ಪಶ್ಚಿಮ ತೀರದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳು ಯಂತ್ರದ ದೋಣಿಗಳಿಗೆ ಬಿಡುವು.

ಒಂದು ಕಾಲಕ್ಕೆ ಹತ್ತಾರು ಮಂದಿ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯು ಊರಿಗೆ ಊರನ್ನೇ ಒಂದು ಹಗ್ಗಕ್ಕೆ ಕಟ್ಟಿತ್ತು. ೧೯೭೦ರ ದಶಕದ ನಡುವೆ ಪರ್ಸೀನ್ ಬಲೆಯು ಬಂದು, ಬಂಗುಡೆ ಬೂತಾಯಿಗಳ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಹಿಡಿಯತೊಡಗಿತು, ರಂಪಣಿಯು ಬಡವಾಯಿತು. ಕಾಲವು ಹಿಂದಕ್ಕೆ ಹೋಗದು. ಆದರೆ ಬಲೆಯ ಬಲವು ಹೆಚ್ಚಿದಷ್ಟೂ ಹಿಡಿಯುವವನ ಸಂಯಮವು ಹೆಚ್ಚಬೇಕೆಂಬ ನಿಯಮವು ಹಿಂದಿಗೂ ಇಂದಿಗೂ ಒಂದೇ. ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರವು ೨೦೧೭ರಲ್ಲಿ ನಿಷೇಧಿಸಿತು. ನೆರೆಯ ಕೇರಳವು ೨೦೧೫ರಲ್ಲಿ ೧೦ ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ ೧೪ ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಬಾರದೆಂದು ವಿಧಿಸಿತು. ಒಂದು ಸಲವೂ ಮೊಟ್ಟೆಯಿಡದ ಮೀನನ್ನು ಹಿಡಿದು ಗೊಬ್ಬರಕ್ಕೂ ಮೀನುಹಿಟ್ಟಿಗೂ ಮಾರುವುದು ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡಂತೆ.

೫. ಕಾನೂನಿನ ಅಂಗಳ

ತೀರಕ್ಕೆ ಎಡೆಯನ್ನು ಬಿಡಬೇಕೆಂಬ ಮಾತನ್ನು ಸರಕಾರವೂ ಬಲ್ಲದು. ೧೯೮೧ರಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ತೀರರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ ೫೦೦ ಮೀಟರುಗಳವರೆಗೆ ಕಟ್ಟಡಗಳನ್ನು ಕಟ್ಟಗೊಡಬಾರದೆಂದು ತಿಳಿಸಿದರು. ೧೯೯೧ರ ಫೆಬ್ರವರಿ ೧೯ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹೊರಟಿತು. ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಅದು ಹೊಸದಾಗಿ ಬರೆಯಲ್ಪಟ್ಟಿತು. ಹಳ್ಳಿಗಾಡಿನ ತೀರದಲ್ಲಿ ಮೊದಲು ೨೦೦ ಮೀಟರುಗಳವರೆಗೆ ಹೊಸ ಕಟ್ಟಡಗಳಿಗೆ ತಡೆಯಿತ್ತು. ೨೦೧೯ರ ಅಧಿಸೂಚನೆಯು ಜನದಟ್ಟಣೆಯ ಹಳ್ಳಿಗಳಿಗೆ ಅದನ್ನು ೫೦ ಮೀಟರಿಗೆ ಇಳಿಸಿತು. ಇಕ್ಕಟ್ಟಿನಲ್ಲಿ ಬಾಳುವ ಮೀನುಗಾರರ ಮಕ್ಕಳಿಗೆ ಒಂದು ಕೋಣೆಯನ್ನು ಕಟ್ಟಲು ಇದರಿಂದ ಅನುಕೂಲವಾದರೆ ನಾವು ದೂರುವುದಿಲ್ಲ. ಆದರೆ ಕಡಲು ಅಧಿಸೂಚನೆಗಳನ್ನು ಓದುವುದಿಲ್ಲವೆಂಬುದನ್ನು ಮರೆಯಬಾರದು. ಲೋಕದ ತಾಪವು ಏರಿ ಕಡಲ ಮಟ್ಟವು ಮೇಲೇರುತ್ತಿರುವ ಈ ಕಾಲದಲ್ಲಿ ಅಂಗಳವನ್ನು ಹಿರಿದಾಗಿಡುವುದೇ ವಿವೇಕ.

೬. ಮನೆಯಲ್ಲಿ ಮಾಡತಕ್ಕ ಪಾಠ

ಕೊನೆಯದಾಗಿ, ಓದಿ ಮಡಿಚಿಡುವ ಪಾಠಕ್ಕಿಂತ ಮಾಡಿ ನೋಡುವ ಪಾಠವು ಮೇಲು. ಕಡಲ ಬಳಿಯಿರುವವರು ಅಲುಗಾಡದ ಒಂದು ಗುರುತನ್ನು, ಹಳೆಯ ತೆಂಗನ್ನೋ ಬಾವಿಕಟ್ಟೆಯನ್ನೋ, ಆರಿಸಿಕೊಂಡು ಅಲ್ಲಿಂದ ಉಬ್ಬರದ ನೀರು ಮುಟ್ಟಿದ ಗುರುತಿನವರೆಗೆ ಎಷ್ಟು ಹೆಜ್ಜೆಯೆಂದು ಪ್ರತಿ ಹುಣ್ಣಿಮೆಯ ದಿನ ಮಕ್ಕಳಿಂದ ಅಳೆಯಿಸಿ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಒಂದು ವರ್ಷದ ಲೆಕ್ಕದಿಂದ ಅಂಗಳದ ಹಿಗ್ಗುಕುಗ್ಗು ತಿಳಿಯುವುದು. ಹತ್ತು ವರ್ಷಗಳ ಲೆಕ್ಕದಿಂದ ತೀರವು ನಿಜವಾಗಿ ಹಿಂದೆ ಸರ್ಯುತ್ತಿದೆಯೋ ಇಲ್ಲವೋ ಎಂಬುದು ತಿಳಿಯುವುದು. ಊರಿನವರು ಗೋಡೆಯನ್ನು ಬೇಡುವ ದಿನ ಈ ಚಿಕ್ಕ ಪುಸ್ತಕವು ಗ್ರಾಮಸಭೆಯಲ್ಲಿ ದೊಡ್ಡ ಸಾಕ್ಷಿಯಾಗುವುದು. ಅಂದು ಮೂರು ಪ್ರಶ್ನೆಗಳನ್ನು ಕೇಳಲು ಹೆಂಗಸರು ಸಂಕೋಚಪಡಬಾರದು: ನಮ್ಮ ಮರಳು ಎಲ್ಲಿಂದ ಬರುತ್ತಿತ್ತು? ಅದನ್ನು ಯಾವುದು ತಡೆಯಿತು? ಈ ಕಲ್ಲಿನಿಂದ ಮುಂದೆ ಯಾರ ಮನೆಗೆ ನೀರು ಬರುವುದು?

ಕಡಲಿನಿಂದ ದೂರವಿರುವವರಿಗೂ ಕೆಲಸವುಂಟು. ಬೆರಳುದ್ದದ ಬೂತಾಯಿಯನ್ನು ಅಗ್ಗವೆಂದು ಕೊಳ್ಳದಿರುವುದು, ಹೊಳೆಗೆ ಪ್ಲಾಸ್ಟಿಕನ್ನು ಎಸೆಯದಿರುವುದು, ವಿಹಾರಕ್ಕೆ ಹೋದಾಗ ಅಡುಂಬು ಬಳ್ಳಿಯ ಮೇಲೆ ವಾಹನವನ್ನು ಹತ್ತಿಸದಿರುವುದು ಇವು ಚಿಕ್ಕವಾದರೂ ವ್ಯರ್ಥವಲ್ಲ.

ನಮ್ಮ ತಾಯಂದಿರು ಮನೆಯ ಅಂಗಳವನ್ನು ದಿನವೂ ಗುಡಿಸಿ ಸಾರಿಸಿ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಭತ್ತ ಒಣಗುತ್ತಿತ್ತು, ಮಕ್ಕಳು ಆಡುತ್ತಿದ್ದರು, ಬಂದವರು ಕುಳಿತುಕೊಳ್ಳುತ್ತಿದ್ದರು. ಆದುದರಿಂದಲೇ ಅಲ್ಲಿ ಯಾರೂ ಗೋಡೆ ಎಬ್ಬಿಸುತ್ತಿರಲಿಲ್ಲ. ಕಡಲ ಅಂಗಳಕ್ಕೂ ಅಷ್ಟೇ ಮರ್ಯಾದೆಯನ್ನು ಸಲ್ಲಿಸಲು ನಮ್ಮ ಹೆಣ್ಣುಮಕ್ಕಳು ಕಲಿತರೆ ಈ ಪಾಠವು ಸಾರ್ಥಕವಾಯಿತೆಂದು ನಾವು ತಿಳಿಯುವೆವು.